ಕೂಸು ಹುಟ್ಟುವ ಮುನ್ನ ಕುಲಾವಿ

ಆಟದ ಋತುವು ಇನ್ನೂ ಆರಂಭವಾಗಿರುವದಿಲ್ಲ. ಚೆಂಡು ಇನ್ನೂ ಮೈದಾನಕ್ಕೆ ಇಳಿದಿರುವದಿಲ್ಲ. ಪಂಚರು ಇನ್ನೂ ಸೀಟಿಯನ್ನು ತುಟಿಗೆ ಹಚ್ಚಿರುವದಿಲ್ಲ. ಆದರೂ ಈ ವರ್ಷದ ಶ್ರೇಷ್ಠ ಆಟಗಾರನು ಇಂಥವನೇ ಎಂದು ಡಂಗುರ ಸಾರುವ ಭವಿಷ್ಯವಾದಿಗಳಿಗೆ ಯಾವ ದೇಶದಲ್ಲಿಯೂ ಕೊರತೆಯಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಈ ಚಾಳಿಯನ್ನು ಕಂಡು ನಮ್ಮ ಹಿರಿಯರು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಈಗ ಕುಲಾವಿಯ ಹೊಲಿಗೆಯೇ ಒಂದು ದೊಡ್ಡ ಉದ್ಯೋಗವಾಗಿದೆ. ಆ ಕುಲಾವಿಗೆ ಹೊಂದುವ ತಲೆಯನ್ನು ಹುಡುಕುವ ಭರದಲ್ಲಿ ನಿಜವಾದ ಕೂಸನ್ನೇ ಮರೆಯುವ ಕಾಲ ಬಂದಿದೆ. ಆದುದರಿಂದ ಈ ವಿಷಯವನ್ನು ಬರಿಯ ವಿನೋದವೆಂದು ತಳ್ಳಿಹಾಕದೆ, ನಮ್ಮ ವಾಚಕರ ಮುಂದೆ ಕೊಂಚ ವಿಸ್ತಾರವಾಗಿಯೇ ಇಡುವದು ಯುಕ್ತವೆಂದು ನಾವು ಭಾವಿಸುತ್ತೇವೆ.

ಈ ಚಾಳಿಯ ಪರಮಾವಧಿಯನ್ನು ನೋಡಬೇಕಾದರೆ ಅಮೇರಿಕೆಯ ಕಾಲೇಜು ಫುಟ್‌ಬಾಲಿನ ಕಡೆಗೆ ದೃಷ್ಟಿ ಹೊರಳಿಸಬೇಕು. ಹೆಸರು ಕಾಲ್ಚೆಂಡಿನದಾದರೂ ಆ ಆಟವು ಬಹುಮಟ್ಟಿಗೆ ಕೈಯಿಂದಲೇ ನಡೆಯತಕ್ಕದ್ದು. ಚೆಂಡನ್ನು ಎತ್ತಿ ಎಸೆಯುವದು, ಬಗಲಲ್ಲಿ ಇಟ್ಟುಕೊಂಡು ಓಡುವದು, ಎದುರಾಳಿಯನ್ನು ಕೆಡವುವದು ಇವೇ ಅದರ ಮುಖ್ಯ ಕ್ರಿಯೆಗಳು. ಅಲ್ಲಿಯ ವಿಶ್ವವಿದ್ಯಾಲಯಗಳ ಪಂದ್ಯಗಳಿಗೆ ಲಕ್ಷ ಲಕ್ಷ ಜನ ನೆರೆಯುತ್ತಾರೆ. ಆ ಆಟಗಾರರಲ್ಲಿ ವರ್ಷದ ಶ್ರೇಷ್ಠನಿಗೆ ಕೊಡುವ ಪಾರಿತೋಷಕಕ್ಕೆ ಹೈಸ್‌ಮನ್ ಟ್ರೋಫಿ ಎಂದು ಹೆಸರು. ನ್ಯೂಯಾರ್ಕಿನ ಡೌನ್‌ಟೌನ್ ಅಥ್ಲೆಟಿಕ್ ಕ್ಲಬ್ ಎಂಬ ಸಂಸ್ಥೆಯು 1935ರಲ್ಲಿ ಇದನ್ನು ಆರಂಭಿಸಿತು. ಮೊದಲ ವರ್ಷ ಅದನ್ನು ಪಡೆದವನು ಶಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವಾಂಗರ್. ಮರುವರ್ಷ ಕ್ಲಬ್ಬಿನ ಕ್ರೀಡಾಧಿಕಾರಿಯಾಗಿದ್ದ ಜಾನ್ ಹೈಸ್‌ಮನ್ನನು ತೀರಿಕೊಳ್ಳಲು, ಅವನ ಹೆಸರನ್ನೇ ಅದಕ್ಕೆ ಇಡಲಾಯಿತು. ಬಗಲಲ್ಲಿ ಚೆಂಡು, ಮುಂದಕ್ಕೆ ಚಾಚಿದ ತೋಳು, ಓಟದ ಭಂಗಿ ಇರುವ ಆ ಕಂಚಿನ ಮೂರ್ತಿಗೆ ಮಾದರಿಯಾಗಿ ನಿಂತವನು ಎಡ್ ಸ್ಮಿತ್ ಎಂಬ ನ್ಯೂಯಾರ್ಕಿನ ಆಟಗಾರ. ತಾನು ನಿಂತ ಭಂಗಿಯೇ ಆ ಜಗತ್ಪ್ರಸಿದ್ಧ ಪಾರಿತೋಷಕವಾಗಿದೆಯೆಂಬ ಸಂಗತಿ ಅವನಿಗೆ ತಿಳಿದದ್ದು 1982ರಲ್ಲಿ! ಕೀರ್ತಿಯ ಮೂರ್ತಿಗೆ ಮೈಯನ್ನು ಕೊಟ್ಟವನೇ ಸುಮಾರು ಅರ್ಧ ಶತಮಾನ ಅಜ್ಞಾತನಾಗಿ ಉಳಿದನೆಂಬದು ಈ ಲೇಖದ ಪೀಠಿಕೆಗೆ ಒಪ್ಪುವ ಮಾತೇ ಆಗಿದೆ.

ಭವಿಷ್ಯ ನುಡಿದವರ ಲೆಕ್ಕ

ಈ ಪಾರಿತೋಷಕದ ನಿರ್ಣಯವಾಗುವದು ಡಿಸೆಂಬರ ತಿಂಗಳಲ್ಲಿ. ಆದರೆ ಅದನ್ನು ಯಾರು ಪಡೆಯುವರೆಂಬ ಯಾದಿಗಳು ಹೊರಬೀಳುವದು ಬೇಸಿಗೆಯಲ್ಲಿಯೇ. ವೃತ್ತಪತ್ರದವರು ಹತ್ತು ಹೆಸರು ಬರೆಯುತ್ತಾರೆ. ಜೂಜಿನ ಅಂಗಡಿಯವರು ಒಂದೊಂದು ಹೆಸರಿಗೆ ಒಂದೊಂದು ದರ ಕಟ್ಟುತ್ತಾರೆ. ವಿಶ್ವವಿದ್ಯಾಲಯಗಳು ತಮ್ಮ ತಮ್ಮ ಹುಡುಗನ ಗುಣಗಾನವನ್ನು ಊರೂರಿಗೆ ಹಂಚುತ್ತವೆ. ಇಷ್ಟೆಲ್ಲ ಪಂಡಿತರ ಪರಿಶ್ರಮದ ಫಲವೇನು? ಹಿಂದಿನ ಕೆಲವು ವರ್ಷಗಳ ಲೆಕ್ಕವನ್ನು ತೆಗೆದು ನೋಡೋಣ.

2025ರ ಋತುವಿಗೆ ಮುನ್ನ ಎಲ್ಲರ ಬಾಯಲ್ಲಿಯೂ ಇದ್ದ ಹೆಸರು ಟೆಕ್ಸಾಸ್ ವಿಶ್ವವಿದ್ಯಾಲಯದ ಆರ್ಚ್ ಮ್ಯಾನಿಂಗ್‌ನದು. ಅಜ್ಜ ಆರ್ಚಿ, ಚಿಕ್ಕಪ್ಪಂದಿರಾದ ಪೇಟನ್ ಮತ್ತು ಈಲಾಯ್ ಮೂವರೂ ಆ ಆಟದ ಮಹಾರಥಿಗಳು. ವಂಶ ದೊಡ್ಡದು, ತಂಡ ದೊಡ್ಡದು, ನಿರೀಕ್ಷೆ ಅದಕ್ಕಿಂತ ದೊಡ್ಡದು. ಆ ವರ್ಷ ಋತುಪೂರ್ವದ ಶ್ರೇಣಿಯಲ್ಲಿ ಟೆಕ್ಸಾಸ್ ತಂಡಕ್ಕೆ ಮೊದಲನೆಯ ಸ್ಥಾನವೂ ದೊರೆತಿತ್ತು. ಆದರೆ ಮೊದಲ ಪಂದ್ಯದಲ್ಲಿಯೇ ಓಹಾಯೋ ಸ್ಟೇಟ್ ತಂಡವು ಅವರನ್ನು 14ಕ್ಕೆ 7ರಿಂದ ಸೋಲಿಸಿತು. ಡಿಸೆಂಬರಿನಲ್ಲಿ ವೇದಿಕೆಯನ್ನೇರಿ ಪಾರಿತೋಷಕವನ್ನು ಎತ್ತಿದವನು ಇಂಡಿಯಾನಾ ವಿಶ್ವವಿದ್ಯಾಲಯದ ಫರ್ನಾಂಡೋ ಮೆಂಡೋಝಾ. ಕ್ಯೂಬಾ ದೇಶದಿಂದ ವಲಸೆ ಬಂದವರ ಮೊಮ್ಮಗನಾದ ಈತನನ್ನು ಶಾಲೆಯ ದಿನಗಳಲ್ಲಿ ಪರೀಕ್ಷಕರು ಐದರಲ್ಲಿ ಎರಡು ನಕ್ಷತ್ರಗಳ ಆಟಗಾರನೆಂದು ಅಳೆದು ಬಿಟ್ಟಿದ್ದರು. ಆತನು ಸೇರಿದ ಇಂಡಿಯಾನಾ ತಂಡವಾದರೋ ದೀರ್ಘಕಾಲದವರೆಗೆ ಸೋಲಿನ ಸಂಖ್ಯೆಗೇ ಹೆಸರಾದದ್ದು. ಆ ವಿಶ್ವವಿದ್ಯಾಲಯದಿಂದ ಹೈಸ್‌ಮನ್ ಪಡೆದವರಲ್ಲಿ ಅವನೇ ಮೊದಲಿಗ. ವಂಶವು ವೇದಿಕೆಯ ತನಕ ಒಯ್ಯಬಹುದು, ಮೇಲಕ್ಕೆ ಹತ್ತಿಸಲಾರದು. ಆರ್ಚಿ ಮ್ಯಾನಿಂಗ್ 1970ರಲ್ಲಿ ಮೂರನೆಯವನಾದ. 1997ರಲ್ಲಿ ಮುನ್ನುಡಿಯ ನೆಚ್ಚಿನ ಹೆಸರಾಗಿದ್ದ ಪೇಟನ್ ಎರಡನೆಯವನಾದ. 2003ರಲ್ಲಿ ಈಲಾಯ್ ಮೂರನೆಯವನಾದ. ಮೂವರಿಗೂ ಆ ಮೂರ್ತಿ ಒಲಿಯಲಿಲ್ಲ.

ಇದೊಂದೇ ವರ್ಷದ ಎಡವಟ್ಟೆಂದು ಯಾರೂ ತಿಳಿಯಬಾರದು. 2019ರಲ್ಲಿ ಲೂಸಿಯಾನಾದ ಜೋ ಬರ್ರೋ ಎಂಬವನ ಮೇಲೆ ಬೇಸಿಗೆಯಲ್ಲಿ ಒಂದು ರೂಪಾಯಿ ಕಟ್ಟಿದವನಿಗೆ ನೂರಕ್ಕೂ ಮೀರಿ ಕೊಡಲು ಜೂಜಿನ ಅಂಗಡಿಯವರು ಸಿದ್ಧರಿದ್ದರು. ಅಂದರೆ ಅವನು ಗೆಲ್ಲುವ ಮಾತೇ ಇಲ್ಲವೆಂದು ಅವರ ಅಭಿಪ್ರಾಯ. ಅದೇ ಬರ್ರೋ ಆ ವರ್ಷ ಹಿಂದೆಂದೂ ಕಾಣದ ಮತಾಂತರದಿಂದ ಗೆದ್ದನು. 2021ರಲ್ಲಿ ನೆಚ್ಚಿನವನೆನಿಸಿದ್ದ ಓಕ್ಲಹೋಮಾದ ಸ್ಪೆನ್ಸರ್ ರ‍್ಯಾಟ್ಲರ್ ಋತುವಿನ ನಡುವೆಯೇ ತನ್ನ ತಂಡದಲ್ಲಿ ಸ್ಥಾನವನ್ನು ಕಳೆದುಕೊಂಡನು. ಅವನ ಸ್ಥಾನಕ್ಕೆ ಬಂದ ಹೊಸ ಹುಡುಗ ಕೇಲೆಬ್ ವಿಲಿಯಮ್ಸ್ ಮರುವರ್ಷ ಇನ್ನೊಂದು ವಿಶ್ವವಿದ್ಯಾಲಯದಿಂದ ಆಡಿ ಪಾರಿತೋಷಕವನ್ನು ಪಡೆದನು. ಆ ವಿಲಿಯಮ್ಸ್‌ನನ್ನೇ 2023ರಲ್ಲಿ ಪುನಃ ಗೆಲ್ಲುವನೆಂದು ಎಲ್ಲರೂ ನಂಬಿರಲು, ಗೆದ್ದವನು ಜೇಡನ್ ಡ್ಯಾನಿಯಲ್ಸ್. ಎರಡು ಸಲ ಗೆದ್ದವನು ಇಂದಿನವರೆಗೆ ಒಬ್ಬನೇ. ಅವನು 1974 ಮತ್ತು 1975ರ ಆರ್ಚಿ ಗ್ರಿಫಿನ್. ಇಷ್ಟಿದ್ದರೂ ಹಿಂದಿನ ವರ್ಷದ ವಿಜೇತನ ಹೆಸರನ್ನು ಮುಂದಿನ ವರ್ಷದ ಯಾದಿಯ ತುದಿಯಲ್ಲಿ ಬರೆಯುವ ಅಭ್ಯಾಸ ಮಾತ್ರ ನಿಲ್ಲುವ ಲಕ್ಷಣವಿಲ್ಲ.

ತಪ್ಪುವದೇಕೆ?

ಇಷ್ಟು ಬಲ್ಲವರು ಇಷ್ಟು ಸಲ ತಪ್ಪುವದಕ್ಕೆ ಕಾರಣಗಳಿಲ್ಲದೆ ಇರಲಾರವು. ಮೊದಲನೆಯದು, ಯಾದಿಯನ್ನು ಬರೆಯುವವನು ಆಟಗಾರನನ್ನು ನೋಡಿ ಬರೆಯುವದಿಲ್ಲ, ಆಟಗಾರನ ಹೆಸರನ್ನು ನೋಡಿ ಬರೆಯುತ್ತಾನೆ. ಹೆಸರೆಂಬದು ಹಿಂದಿನ ವರ್ಷದ ಬೆಳೆ. ಆಟವಾದರೋ ಈ ವರ್ಷದ ಮಳೆಗೆ ಸೇರಿದ್ದು. ಎರಡನೆಯದು, ಅವನು ಸ್ಥಾನವನ್ನು ನೋಡಿ ಬರೆಯುತ್ತಾನೆ. ಕ್ವಾರ್ಟರ್‌ಬ್ಯಾಕ್ ಎಂಬವನು ಆ ಆಟದಲ್ಲಿ ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು, ಯಾರಿಗೆ ಎಸೆಯಬೇಕೆಂದು ನಿರ್ಧರಿಸುವ ನಾಯಕ. 2000ದಿಂದ 2025ರ ವರೆಗಿನ 26 ಪಾರಿತೋಷಕಗಳಲ್ಲಿ 21 ಈ ಒಂದೇ ಸ್ಥಾನದವರಿಗೆ ಸಂದಿವೆ. ಅವನನ್ನು ಕಾಯಲು ಮುಂದಿನ ಸಾಲಿನಲ್ಲಿ ಎದೆಯೊಡ್ಡಿ ನಿಲ್ಲುವ ಐವರಿಗೆ ಅದು ಒಮ್ಮೆಯೂ ಸಂದಿಲ್ಲ. ಅವರ ಎದೆ ಗಟ್ಟಿಯಿರದಿದ್ದರೆ ನಾಯಕನ ಕೈಗೆ ಎಸೆಯಲು ಅವಕಾಶವೇ ದೊರೆಯದು. ಕಲಶವು ಎಲ್ಲರ ಕಣ್ಣಿಗೆ ಬೀಳುತ್ತದೆ. ತಳಪಾಯದ ಕಲ್ಲಿಗೆ ಕೈಮುಗಿಯುವವರು ಯಾರೂ ಇಲ್ಲ.

ಮೂರನೆಯದು ದೈವ. ಒಂದು ಮೊಣಕಾಲು ಹೊರಳಿದರೆ ಒಂದು ಋತುವೇ ಮುಗಿಯಿತು. ಒಬ್ಬ ತರಬೇತುದಾರ ಊರು ಬಿಟ್ಟು ಹೋದರೆ ತಂಡದ ಧಾಟಿಯೇ ಬದಲಾಯಿತು. ಇವನ್ನು ಬೇಸಿಗೆಯಲ್ಲಿ ಕುಳಿತು ಕಾಣಬಲ್ಲ ಜ್ಯೋತಿಷ್ಯವು ಇನ್ನೂ ಹುಟ್ಟಿಲ್ಲ. ನಾಲ್ಕನೆಯದು ಮತ್ತು ಎಲ್ಲಕ್ಕಿಂತ ದೊಡ್ಡದು, ಯಾದಿಯು ನಿಜವಾಗಬೇಕೆಂದು ಬರೆದವನಿಗೂ ಆಗ್ರಹವಿರುವದಿಲ್ಲ. ಅದು ಓದಿಸಿಕೊಂಡರೆ ಸಾಕು. ಅದರ ಮೇಲೆ ಹಣ ಹರಿದರೆ ಇನ್ನೂ ಒಳ್ಳೆಯದು. ಭವಿಷ್ಯವು ಸುಳ್ಳಾದಾಗ ಯಾರೂ ಅವನ ಕೊರಳಪಟ್ಟಿ ಹಿಡಿದು ಕೇಳುವದಿಲ್ಲ. ಜನವರಿಯಲ್ಲಿ ಅವನು ಮುಂದಿನ ವರ್ಷದ ಯಾದಿಯೊಡನೆ ಪುನಃ ಪ್ರತ್ಯಕ್ಷನಾಗುತ್ತಾನೆ.

ಹೀಗಿದ್ದರೂ ನ್ಯಾಯದ ದೃಷ್ಟಿಯಿಂದ ಒಂದು ಮಾತನ್ನು ಹೇಳಲೇಬೇಕು. ಕೊನೆಯ ನಿರ್ಣಯದ ಪದ್ಧತಿಯಲ್ಲಿ ಅಮೇರಿಕನರು ತೋರಿಸಿದ ವಿವೇಕವು ಪ್ರಶಂಸನೀಯವಾಗಿದೆ. ದೇಶವನ್ನು ಆರು ಪ್ರದೇಶಗಳನ್ನಾಗಿ ವಿಂಗಡಿಸಿ, ಪ್ರತಿಯೊಂದು ಪ್ರದೇಶಕ್ಕೆ 145ರಂತೆ ಒಟ್ಟು 870 ವೃತ್ತಾಂತಕಾರರಿಗೆ ಮತಾಧಿಕಾರ ಕೊಟ್ಟಿದ್ದಾರೆ. ಹಿಂದೆ ಪಾರಿತೋಷಕ ಪಡೆದು ಬದುಕಿರುವವರೆಲ್ಲರಿಗೂ ಒಂದೊಂದು ಮತವಿದೆ; ಸಾಮಾನ್ಯ ಪ್ರೇಕ್ಷಕರೆಲ್ಲರಿಗೂ ಸೇರಿ ಒಂದು ಮತವಿದೆ. ಒಬ್ಬೊಬ್ಬನೂ ಮೂರು ಹೆಸರು ಬರೆಯಬೇಕು. ಮೊದಲನೆಯದಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಅಂಕ. ಯಾವದೊಂದು ಪ್ರಾಂತವೂ ತನ್ನ ಹುಡುಗನನ್ನೇ ಹೊತ್ತು ಕುಣಿಯದಂತೆ ಮಾಡಿದ ಈ ಕಟ್ಟುಪಾಡು ಇದ್ದುದರಿಂದಲೇ ಬೇಸಿಗೆಯ ಯಾದಿಗಳ ಹೊರಗಿನವನು ಚಳಿಗಾಲದಲ್ಲಿ ಗೆಲ್ಲಲು ಸಾಧ್ಯವಾಗುವದು. ಭವಿಷ್ಯವಾದಿಗಳ ದೋಷವನ್ನು ಪಂಚರ ಮೇಲೆ ಹೊರಿಸುವದು ನ್ಯಾಯವಲ್ಲ.

ನಮ್ಮ ನಾಡಿನ ಮಾತು

ಇದೆಲ್ಲ ಏಳು ಸಮುದ್ರದ ಆಚೆಯ ಕಥೆ, ನಮಗೇನು ಸಂಬಂಧ, ಎಂದು ವಾಚಕರು ಕೇಳಬಹುದು. ಸಂಬಂಧವಿದೆ. ನ್ಯೂಯಾರ್ಕಿನವರು ಕಾಲೇಜು ಹುಡುಗನೊಬ್ಬನ ಕೈಗೆ ಕಂಚಿನ ಮೂರ್ತಿಯನ್ನು ಕೊಟ್ಟ ಅದೇ 1935ರಲ್ಲಿ ಭಾರತದ ವಿಶ್ವವಿದ್ಯಾಲಯಗಳ ಕ್ರಿಕೆಟಿಗಾಗಿ ರೋಹಿಂಟನ್ ಬಾರಿಯಾ ಟ್ರೋಫಿ ಆರಂಭವಾಯಿತು. ಆದರೆ ನಮ್ಮದು ಆಟಗಾರನಿಗಲ್ಲ, ತಂಡಕ್ಕೆ. 1956-57ರಲ್ಲಿ ಸ್ಥಾಪಿತವಾದ ಮೌಲಾನಾ ಅಬುಲ್ ಕಲಾಂ ಆಝಾದ ಟ್ರೋಫಿಯೂ ಆಟಗಾರನಿಗಲ್ಲ, ವರ್ಷವಿಡೀ ಎಲ್ಲ ಆಟಗಳಲ್ಲಿ ಮೇಲೆನಿಸಿದ ವಿಶ್ವವಿದ್ಯಾಲಯಕ್ಕೆ. ಒಬ್ಬನನ್ನು ಎತ್ತಿ ಹಿಡಿಯುವದಕ್ಕಿಂತ ಕೂಡಿ ಗೆದ್ದವರನ್ನು ಮನ್ನಿಸಬೇಕೆಂಬ ಈ ದೃಷ್ಟಿಯು ಕೀಳೆಂದು ನಾವು ಒಪ್ಪಲಾರೆವು. ಆ ಕಾಲೇಜು ಪಂದ್ಯಗಳು ಆಟಗಾರರನ್ನು ಹೊರಗೆಡಹಿದವೂ ಅಹುದು. ಮುಂಬಯಿ ವಿಶ್ವವಿದ್ಯಾಲಯದ ಪರವಾಗಿ 327 ಓಟ ಹೊಡೆದ ಸುನೀಲ ಗಾವಸ್ಕರರು ಮರುಕ್ಷಣವೇ ಎಂಬಂತೆ 1971ರಲ್ಲಿ ವೆಸ್ಟ್ ಇಂಡೀಜಿಗೆ ಹೋಗಿ ಮೊದಲ ಸರಣಿಯಲ್ಲಿಯೇ 774 ಓಟ ಕೂಡಿಸಿದರು. ಇಂದು ಆ ದ್ವಾರವು ಬಹುತೇಕ ಮುಚ್ಚಿದೆ. ಅದರ ಸ್ಥಾನದಲ್ಲಿ ಲಿಲಾವಿನ ಬಾಗಿಲು ತೆರೆದಿದೆ.

ಲಿಲಾವೆಂದರೇನು? ಭವಿಷ್ಯವನ್ನು ರೂಪಾಯಿಯಲ್ಲಿ ನುಡಿಯುವದೇ ಲಿಲಾವು. 2021ರ ಫೆಬ್ರುವರಿಯಲ್ಲಿ ನಮ್ಮ ಕೃಷ್ಣಪ್ಪ ಗೌತಮರನ್ನು ಚೆನ್ನೈ ಸೂಪರ್ ಕಿಂಗ್ಸ್ ತಂಡದವರು 9.25 ಕೋಟಿ ರೂಪಾಯಿಗೆ ಕೊಂಡರು. ಅಲ್ಲಿಯವರೆಗೆ ದೇಶಕ್ಕಾಗಿ ಆಡದ ಯಾವ ಭಾರತೀಯನಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಆ ಋತುವಿಡೀ ಅವರಿಗೆ ಒಂದು ಪಂದ್ಯವನ್ನೂ ಆಡುವ ಅವಕಾಶ ದೊರೆಯಲಿಲ್ಲ. ಮಹಾರಾಜ ಟ್ರೋಫಿಯ 2025ರ ಲಿಲಾವಿನಲ್ಲಿ ಅತ್ಯಧಿಕ ಬೆಲೆಗೆ, ಅಂದರೆ 13.20 ಲಕ್ಷಕ್ಕೆ, ದೇವದತ್ತ ಪಡಿಕ್ಕಲ್ಲರನ್ನು ಕೊಂಡುದು ನಮ್ಮ ಹುಬ್ಬಳ್ಳಿ ಟೈಗರ್ಸ್. ತಂಡವೇನೋ ಅಂತಿಮ ಪಂದ್ಯದ ತನಕ ಬಂತು. ಆದರೆ ಟ್ರೋಫಿಯನ್ನು ಮಂಗಳೂರು ಡ್ರಾಗನ್ಸ್ ಕೊಂಡೊಯ್ದಿತು. ಬೆಲೆ ಕಟ್ಟುವದು ಯಾವಾಗಲೂ ಸುಳ್ಳಾಗುವದೆಂದು ನಾವು ಹೇಳುತ್ತಿಲ್ಲ. ಅದು ಅರ್ಧ ಸತ್ಯವನ್ನು ಪೂರ್ಣ ಸತ್ಯದ ದರಕ್ಕೆ ಮಾರುತ್ತದೆಂಬದಷ್ಟೇ ನಮ್ಮ ಆಕ್ಷೇಪ.

ನಮ್ಮವರಲ್ಲಿ ಶ್ರೇಷ್ಠರಾದವರ ಚರಿತ್ರೆಯನ್ನು ನೋಡಿದರೂ ಇದೇ ಪಾಠ ದೊರೆಯುತ್ತದೆ. ಭದ್ರಾವತಿಯ ಜಿ. ಆರ್. ವಿಶ್ವನಾಥರು 1969ರಲ್ಲಿ ಕಾನಪುರದಲ್ಲಿ ಆಸ್ಟ್ರೇಲಿಯದ ಎದುರು ತಮ್ಮ ಮೊದಲ ಟೆಸ್ಟ್ ಆಡಿದಾಗ ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾದರು. ಆ ಸಂಜೆ ಯಾದಿ ಬರೆಯುವವನಾಗಿದ್ದರೆ ಅವರ ಹೆಸರಿನ ಮೇಲೆ ಗೆರೆ ಎಳೆದುಬಿಡುತ್ತಿದ್ದನು. ಎರಡನೆಯ ಸರದಿಯಲ್ಲಿ ಅವರು ಹೊಡೆದದ್ದು 137. ನಮ್ಮ ಪಕ್ಕದ ಗದಗಿನ ಸುನೀಲ ಜೋಶಿಯವರು ಬಾಲ್ಯದಲ್ಲಿ ಅಭ್ಯಾಸಕ್ಕಾಗಿ ನಸುಕಿನಲ್ಲಿ ಹುಬ್ಬಳ್ಳಿಗೆ ಬಂದು, ಶಾಲೆಯ ವೇಳೆಗೆ ತಿರುಗಿ ಗದಗಿಗೆ ಮುಟ್ಟುತ್ತಿದ್ದರು. ಆ ಹುಡುಗನೇ ಮುಂದೆ 1995-96ರ ರಣಜಿ ಋತುವಿನಲ್ಲಿ 529 ಓಟ ಹೊಡೆದು 52 ಹುದ್ದರಿಗಳನ್ನು ಪಡೆದನು. ಆ ವರ್ಷ ರಣಜಿ ಟ್ರೋಫಿ ಕರ್ನಾಟಕಕ್ಕೆ ಬಂದಿತು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು ಹತ್ತು ಓವರುಗಳಲ್ಲಿ ಕೇವಲ 6 ಓಟ ಕೊಟ್ಟು 5 ಹುದ್ದರಿಗಳನ್ನು ಕೆಡವಿದ ಸಾಹಸವಂತೂ ಜಗತ್ತಿಗೇ ಗೊತ್ತಿದೆ. ನಸುಕಿನ ಆ ಪ್ರಯಾಣವನ್ನು ಯಾವ ಯಾದಿಕಾರನೂ ಬರೆದುಕೊಳ್ಳುವದಿಲ್ಲ.

ಕರುಣ ನಾಯರರ ಕಥೆಯು ಇನ್ನೂ ವಿಚಾರಾರ್ಹವಾದದ್ದು. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲಂಡಿನ ಎದುರು ಔಟಾಗದೆ 303 ಹೊಡೆದಾಗ, ಮುಂದಿನ ಹತ್ತು ವರ್ಷ ಇವರದೇ ಎಂದು ಹೇಳದವರಿರಲಿಲ್ಲ. ಕೆಲವೇ ತಿಂಗಳಲ್ಲಿ ದೇಶದ ತಂಡದಲ್ಲಿ ಅವರಿಗೆ ಸ್ಥಾನ ತಪ್ಪಿತು. ಕಾಲಾಂತರದಲ್ಲಿ ಕರ್ನಾಟಕದ ತಂಡದಲ್ಲಿಯೂ ತಪ್ಪಿತು. ವಿದರ್ಭಕ್ಕೆ ಹೋಗಿ ಆಡಿದ ಅವರು 2024-25ರ ವಿಜಯ ಹಜಾರೆ ಟ್ರೋಫಿಯಲ್ಲಿ ಐದು ಶತಕಗಳೊಡನೆ 779 ಓಟ ಕೂಡಿಸಿದರು. ಸರಾಸರಿ 389.50 ಎಂದು ಹೇಳಿದರೆ ಲೆಕ್ಕದ ಮಾಸ್ತರರೂ ಕನ್ನಡಕ ಒರೆಸಿಕೊಂಡು ನೋಡಬೇಕು! ಆದರೆ ಆ ಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ವಿದರ್ಭವನ್ನು 36 ಓಟಗಳಿಂದ ಸೋಲಿಸಿ ಟ್ರೋಫಿಯನ್ನು ಗೆದ್ದುದು ಕರ್ನಾಟಕವೇ. ಅಂದು ಶತಕ ಹೊಡೆದವರು ತರುಣ ಆರ್. ಸ್ಮರಣ್. ಸ್ಪರ್ಧೆಯ ಶ್ರೇಷ್ಠ ಆಟಗಾರ ಒಂದು ಕಡೆ, ಶ್ರೇಷ್ಠ ತಂಡ ಇನ್ನೊಂದು ಕಡೆ! 2025ರ ಜೂನಿನಲ್ಲಿ ನಾಯರರಿಗೆ ಪುನಃ ಟೆಸ್ಟ್ ತಂಡದಲ್ಲಿ ಸ್ಥಾನ ದೊರೆಯಿತು. ಇಂಗ್ಲಂಡಿನಲ್ಲಿ ಅವರಿಗೆ ಕೂಡಿಬಂದದ್ದು ಒಂದೇ ಅರ್ಧಶತಕ. ಏಳುವಾಗಲೂ ಬೀಳುವಾಗಲೂ, ಮತ್ತೆ ಏಳುವಾಗಲೂ, ಮುಂಗಂಡವರ ಮಾತು ಒಮ್ಮೆಯೂ ಅವರ ದಾರಿಗೆ ಸರಿಯಾಗಿ ಹೊಂದಲಿಲ್ಲ.

ಒಬ್ಬನ ಬಿರುದು ಒಬ್ಬನಿಗೇ ನ್ಯಾಯವಾಗಿ ಸಲ್ಲುವದು ಕುಸ್ತಿಯ ಕಣದಲ್ಲಿ. ಅಲ್ಲಿ ಇಬ್ಬರೇ ಇಬ್ಬರು, ನಡುವೆ ಮಣ್ಣು. ಬೆನ್ನು ನೆಲಕ್ಕೆ ಹತ್ತಿದರೆ ತರ್ಕಕ್ಕೆ ಆಸ್ಪದವಿಲ್ಲ. ಚಿಕ್ಕೋಡಿಯ ಕಡೆಯ ಏಕಸಂಬೆಯ ಪೈಲವಾನ ಶ್ರೀಪತಿ ಖಂಚನಾಳೆಯವರು 1959ರಲ್ಲಿ ಮೊದಲ ಹಿಂದಕೇಸರಿಯಾದಾಗ, ಅದು ಯಾರ ಮತದಿಂದಲೂ ಬಂದುದಲ್ಲ, ತೋಳಿನಿಂದ ಬಂದುದು. ಆದರೆ ಹನ್ನೊಂದು ಜನ ಕೂಡಿ ಆಡುವ ಆಟದಲ್ಲಿ ಒಬ್ಬನ ತಲೆಗೆ ಪೇಟ ಸುತ್ತುವಾಗ ಉಳಿದ ಹತ್ತು ತಲೆಗಳನ್ನು ಎಣಿಸಿ ನೋಡುವದು ಸಜ್ಜನರ ಲಕ್ಷಣ.

ಮುಗದದ ಗದ್ದೆ ಹೇಳುವ ಪಾಠ

ಧಾರವಾಡದಿಂದ ಅಳ್ನಾವರದ ಕಡೆಗೆ ಹೋಗುವ ರೇಲ್ವೆ ಮಾರ್ಗದಲ್ಲಿ ಮುಗದ ಎಂಬ ನಿಲ್ದಾಣವಿದೆ. ಬಯಲುಸೀಮೆಯ ಎರೆಹೊಲ ಮುಗಿದು ಮಲೆನಾಡಿನ ಸೆರಗು ತೊಡಗುವ ಈ ಊರಿನ ಸುತ್ತ ಕೂರಿಗೆಯಿಂದ ಬಿತ್ತುವ ಭತ್ತವೇ ಮುಖ್ಯ ಬೆಳೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವು ಇಲ್ಲಿದೆ. ಇಲ್ಲಿಂದ ಹೊರಬಂದ ‘ಮುಗದ ಸುಗಂಧ’ ಎಂಬ ತಳಿಯ ಹೆಸರನ್ನು ನಮ್ಮ ಒಕ್ಕಲಿಗರು ಬಲ್ಲರು. ಒಂದು ತಳಿಗೆ ಹೆಸರು ಬರುವ ಬಗೆಯನ್ನು ನಮ್ಮ ಆಟದ ಭವಿಷ್ಯವಾದಿಗಳು ಬಂದು ನೋಡಬೇಕು. ಮೊದಲು ಅದಕ್ಕೆ ಹೆಸರೇ ಇರುವದಿಲ್ಲ, ಬರಿಯ ಅಂಕಿ. ಹಳೆಯ ಹೆಸರಾಂತ ತಳಿಯ ಮಗ್ಗುಲಲ್ಲಿಯೇ ಅದನ್ನು ಬಿತ್ತುತ್ತಾರೆ. ಒಂದೇ ಪಟ್ಟಿಯಲ್ಲಿ ಅಲ್ಲ, ಹಲವು ಪಟ್ಟಿಗಳಲ್ಲಿ. ಒಂದೇ ಊರಿನಲ್ಲಿ ಅಲ್ಲ, ಹಲವು ಊರುಗಳಲ್ಲಿ. ಒಂದೇ ವರ್ಷವಲ್ಲ, ಹಲವು ವರ್ಷ. ಮಳೆ ಹೆಚ್ಚಾದಾಗ, ಮಳೆ ಕೈಕೊಟ್ಟಾಗ, ಬೆಂಕಿರೋಗ ಬಿದ್ದಾಗ ಅದು ನಿಂತಿತೇ ಬಿದ್ದಿತೇ ಎಂದು ಬರೆದಿಡುತ್ತಾರೆ. 1965ರಿಂದ ಈ ಕಾರ್ಯವು ಅಖಿಲ ಭಾರತದ ಮಟ್ಟದಲ್ಲಿ ಹೊಂದಾಣಿಕೆಯಿಂದ ನಡೆದಿದೆ. ಇಷ್ಟೆಲ್ಲ ಪರೀಕ್ಷೆ ಮುಗಿದ ಮೇಲೆಯೇ ನಾಮಕರಣ.

ಈ ಪದ್ಧತಿಯಲ್ಲಿ ಎರಡು ಗುಣಗಳಿವೆ. ಅಂಕಿ ಹೊತ್ತ ತಳಿಗೆ ಅಪ್ಪ ಅಜ್ಜಂದಿರ ಹೆಸರಿನ ಬೆಂಬಲವಿಲ್ಲ. ಆದುದರಿಂದ ಪಕ್ಷಪಾತಕ್ಕೆ ಎಡೆಯಿಲ್ಲ. ಎಲ್ಲ ಪಟ್ಟಿಗಳ ಲೆಕ್ಕವೂ ಬರಹದಲ್ಲಿ ಉಳಿಯುತ್ತದೆ; ಆದುದರಿಂದ ಒಂದು ವರ್ಷ ಸೋತದ್ದು ಇನ್ನೊಂದು ವರ್ಷ ಗೆದ್ದರೆ ಅದಕ್ಕೆ ಸಾಕ್ಷಿಯಿದೆ. ಆಟದ ಲೋಕದಲ್ಲಿ ಈ ಎರಡೂ ಇಲ್ಲ. ಮುಗದದಂಥ ಊರಿನ ಹುಡುಗನು ಜಾತ್ರೆಯ ಮೈದಾನದಲ್ಲಿ ಎಷ್ಟೇ ಚೆನ್ನಾಗಿ ಆಡಲಿ, ಅದನ್ನು ಬರೆದಿಡುವ ಪುಸ್ತಕವಿಲ್ಲ. ಬರಹದಲ್ಲಿ ಇಲ್ಲದವನು ಯಾದಿಯಲ್ಲಿಲ್ಲ. ಯಾದಿಯಲ್ಲಿ ಇಲ್ಲದವನನ್ನು ನೋಡಲು ಯಾರೂ ಬರುವದಿಲ್ಲ. ಯಾರೂ ನೋಡದವನು ಇನ್ನು ಬರಹಕ್ಕೆ ಬರುವದೆಂತು? ಭವಿಷ್ಯವಾದಿಗಳ ಯಾದಿಯಿಂದ ಆಗುವ ನಿಜವಾದ ಹಾನಿ ಇದೇ. ಅದು ತಪ್ಪಾಗುತ್ತದೆಂಬದು ಸಣ್ಣ ದೋಷ. ಹೊರಗುಳಿದವನಿಗೆ ಬಾಗಿಲು ಮುಚ್ಚುತ್ತದೆಂಬದು ದೊಡ್ಡ ದೋಷ.

ಯಾದಿಯ ಒಳಗಿದ್ದವನಿಗೂ ಸುಖವಿಲ್ಲ. ಮೇಲೆ ಹೇಳಿದ ರ‍್ಯಾಟ್ಲರನು ಮೈದಾನದಲ್ಲಿ ಆಡುತ್ತಿರುವಾಗಲೇ ಅವನ ವಿಶ್ವವಿದ್ಯಾಲಯದ ಪ್ರೇಕ್ಷಕರೇ ಅವನ ಬದಲಿಗೆ ಇನ್ನೊಬ್ಬನು ಬೇಕೆಂದು ಕೂಗಿದರು. ಇಪ್ಪತ್ತು ವರ್ಷದ ಹುಡುಗನ ಹೆಗಲಿಗೆ ಎತ್ತಲಾರದ ಮೂಟೆಯನ್ನು ಹೇರಿದವರು ಅವರು. ಅವನು ಕುಸಿದಾಗ ನಕ್ಕವರೂ ಅವರೇ.

ಜೂಜಿನ ನೆರಳು

ಇನ್ನೊಂದು ಅನರ್ಥವನ್ನು ಹೇಳದೆ ಬಿಡಲಾಗದು. ಭವಿಷ್ಯ ನುಡಿಯುವ ನಾಲಗೆಗೂ ಹಣ ಕಟ್ಟುವ ಕೈಗೂ ನಡುವೆ ಒಂದೇ ಗೇಣಿನ ಅಂತರ. ಅಮೇರಿಕೆಯಲ್ಲಿ 2018ರ ಮೇ ತಿಂಗಳಲ್ಲಿ ಅಲ್ಲಿಯ ಸುಪ್ರೀಮ್ ಕೋರ್ಟು ಆಟದ ಜೂಜಿನ ಮೇಲಿನ ಕೇಂದ್ರದ ನಿರ್ಬಂಧವನ್ನು ರದ್ದುಗೊಳಿಸಿದ ತರುವಾಯ ಸಂಸ್ಥಾನ ಸಂಸ್ಥಾನಗಳಲ್ಲಿ ಆ ವ್ಯಾಪಾರವು ಬೆಳೆಯಿತು. ನಮ್ಮಲ್ಲಿ 2019ರ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಬಾಜಿ ಮತ್ತು ಪಂದ್ಯ ಮಾರಾಟದ ಹಗರಣವು ಹೊರಬಿದ್ದು, ಪೋಲೀಸರು ಆಟಗಾರರನ್ನೂ ತಂಡದ ಒಡೆಯರನ್ನೂ ಹಿಡಿಯಬೇಕಾಯಿತು. ಆ ಲೀಗು ಮತ್ತೆ ನಡೆಯಲಿಲ್ಲ. ಆನ್‌ಲೈನ್ ಜೂಜನ್ನು ನಿಷೇಧಿಸಲು ಕರ್ನಾಟಕ ಸರಕಾರವು 2021ರಲ್ಲಿ ಮಾಡಿದ ಕಾಯದೆಯ ಮುಖ್ಯ ಕಲಮುಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಅನೂರ್ಜಿತಗೊಳಿಸಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯದೆ ಮಾಡಿತು. ನಾಳೆಯ ಪಂದ್ಯಕ್ಕೆ ಹನ್ನೊಂದು ಹೆಸರು ಆರಿಸಿ ಹಣ ಕಟ್ಟುವ ಚಟವು ಹಳ್ಳಿಯ ಕಟ್ಟೆಯ ತನಕ ಮುಟ್ಟಿದ ಮೇಲೆ ಬಂದ ಕಾಯದೆ ಇದು. ಕಾಯದೆಯು ಕೈಯನ್ನು ಹಿಡಿಯಬಲ್ಲದು. ಮನಸ್ಸನ್ನು ಹಿಡಿಯತಕ್ಕವರು ತಂದೆತಾಯಿಗಳು, ಮಾಸ್ತರರು ಮತ್ತು ನಮ್ಮಂಥ ಪತ್ರದವರು.

ಮಾಡತಕ್ಕದ್ದೇನು?

ಬರಿಯ ಟೀಕೆಯಿಂದ ಪ್ರಯೋಜನವಿಲ್ಲವಾದುದರಿಂದ ನಮ್ಮ ಸೂಚನೆಗಳನ್ನು ಸಂಕ್ಷೇಪವಾಗಿ ಮುಂದಿಡುತ್ತೇವೆ. ಮೊದಲನೆಯದಾಗಿ, ತಾಲೂಕಾ ಮತ್ತು ಜಿಲ್ಹಾ ಮಟ್ಟದ ಶಾಲೆ ಕಾಲೇಜುಗಳ ಎಲ್ಲ ಪಂದ್ಯಗಳ ಲೆಕ್ಕವನ್ನು ಒಂದೇ ಮಾದರಿಯ ಪುಸ್ತಕದಲ್ಲಿ ಬರೆದಿಡುವ ವ್ಯವಸ್ಥೆಯಾಗಬೇಕು. ಇದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ಶ್ರದ್ಧೆಯುಳ್ಳ ಒಬ್ಬ ದೈಹಿಕ ಶಿಕ್ಷಕ ಮತ್ತು ಒಂದು ಪುಸ್ತಕ ಸಾಕು. ಎರಡನೆಯದಾಗಿ, ಕರ್ನಾಟಕದ ವಿಶ್ವವಿದ್ಯಾಲಯಗಳು ಕೂಡಿ ವರ್ಷದ ಶ್ರೇಷ್ಠ ವಿದ್ಯಾರ್ಥಿ ಆಟಗಾರನಿಗೂ ಆಟಗಾರ್ತಿಗೂ ಒಂದೊಂದು ಪಾರಿತೋಷಕವನ್ನು ಸ್ಥಾಪಿಸಲಿ. ಅದರ ಮತವನ್ನು ಹೈಸ್‌ಮನ್ನಿನ ಮಾದರಿಯಲ್ಲಿ ವಿಭಾಗವಾರು ಸಮನಾಗಿ ಹಂಚಲಿ. ಬೆಂಗಳೂರಿಗೆಷ್ಟೋ ಕಲಬುರಗಿಗೂ ಅಷ್ಟೇ, ಮೈಸೂರಿಗೆಷ್ಟೋ ಧಾರವಾಡಕ್ಕೂ ಅಷ್ಟೇ ಮತವಿರಲಿ. ಮೂರನೆಯದಾಗಿ, ಆ ಪಾರಿತೋಷಕದೊಡನೆ ಇನ್ನೊಂದನ್ನು ತಪ್ಪದೆ ಇಡಲಿ. ಅದು ಎಂದೂ ಯಾದಿಗೆ ಬಾರದ ಸ್ಥಾನದಲ್ಲಿ ನಿಂತು ತಂಡವನ್ನು ಕಾಯ್ದವನಿಗೆ ಸಲ್ಲಲಿ.

ನಾಲ್ಕನೆಯ ಸೂಚನೆಯು ನಮ್ಮ ವೃತ್ತಿಬಾಂಧವರಿಗೆ. ಋತುವಿನ ಮುಂಚೆ ಹೆಸರು ಬರೆಯುವ ಆಸೆಯನ್ನು ಅರ್ಧ ಋತುವಾದರೂ ತಡೆಹಿಡಿಯೋಣ. ಅಷ್ಟು ಸಂಯಮ ಸಾಧ್ಯವಿಲ್ಲವೆಂದರೆ, ಋತು ಮುಗಿದ ಮೇಲೆ ನಮ್ಮ ಯಾದಿಯನ್ನೂ ನಿಜವಾದ ಫಲವನ್ನೂ ಒಂದರ ಪಕ್ಕಕ್ಕೆ ಒಂದನ್ನು ಅಚ್ಚು ಹಾಕೋಣ. ಸಂಶೋಧನಾ ಕೇಂದ್ರದವರು ಸೋತ ತಳಿಯ ಲೆಕ್ಕವನ್ನೂ ಮುಚ್ಚಿಡುವದಿಲ್ಲ, ನಾವೇಕೆ ಮುಚ್ಚಿಡಬೇಕು?

ಭವಿಷ್ಯವನ್ನು ಊಹಿಸುವದು ಮನುಷ್ಯ ಸ್ವಭಾವ. ಮೃಗಶಿರೆಯ ಮೋಡವನ್ನು ನೋಡಿ ಒಕ್ಕಲಿಗನು ಊಹಿಸದೆ ಇರುವನೇ? ಆದರೆ ಅವನು ಊಹಿಸಿ ಸುಮ್ಮನೆ ಕೂಡ್ರುವದಿಲ್ಲ; ಕೂರಿಗೆ ಕಟ್ಟುತ್ತಾನೆ, ಬಿತ್ತುತ್ತಾನೆ, ಕಳೆ ತೆಗೆಯುತ್ತಾನೆ. ರಾಶಿಯಾಗುವ ತನಕ ಇಷ್ಟು ಚೀಲವೆಂದು ಬಾಯಿ ಬಿಟ್ಟು ಹೇಳುವದಿಲ್ಲ. ನಮ್ಮ ನಾಡಿನ ಮುಂದಿನ ಶ್ರೇಷ್ಠ ಆಟಗಾರನು ಯಾರೆಂದು ನಮಗೆ ಗೊತ್ತಿಲ್ಲ, ಗೊತ್ತಿರುವದಾಗಿ ಹೇಳುವವರನ್ನು ನಾವು ನಂಬುವದೂ ಇಲ್ಲ. ಅವನು ಅಥವಾ ಅವಳು ಇಂದು ಯಾವದೋ ಊರಿನ ಕಲ್ಲು ಮೈದಾನದಲ್ಲಿ ಬರಿಗಾಲಿನಿಂದ ಓಡುತ್ತಿರಬಹುದು. ಆ ಕಾಲಿಗೆ ಒಂದು ಜೊತೆ ಬೂಟು, ಆ ಮೈದಾನಕ್ಕೆ ಒಂದು ರೂಲು, ಆ ಆಟಕ್ಕೆ ಒಂದು ಲೆಕ್ಕದ ಪುಸ್ತಕವನ್ನು ಒದಗಿಸುವದು ನಮ್ಮ ಅಧಿಕಾರಿಗಳ ಮತ್ತು ನಾಗರಿಕರ ಕೈಯಲ್ಲಿದೆ. ಅಷ್ಟು ಮಾಡಿದರೆ ಬಿರುದು ತಾನಾಗಿ ಬಂದೀತು. ಕುಲಾವಿಯನ್ನು ಆಗ ಹೊಲಿಸಿದರೂ ತಡವಾಗುವದಿಲ್ಲ.